ಚಳಿಗಾಲದ ರಾತ್ರಿ ಒಬ್ಬಳೇ ಓಡುತ್ತೇನೆ, ಶಿವರಾತ್ರಿವರೆಗೆ ನಿಲ್ಲಿಸಲೇ?

ಪ್ರಶ್ನೆ: ನನಗೆ 23 ವರ್ಷ. ಬೀದರ್ ಜಿಲ್ಲೆ ಭಾಲ್ಕಿ ತಾಲ್ಲೂಕಿನ ಒಂದು ಹಳ್ಳಿ. ಪಟ್ಟಣದ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತ ಕೇಂದ್ರ ಪಡೆಗಳ ಭರ್ತಿಗೆ ನಡೆಯುವ ಎಸ್‌ಎಸ್‌ಸಿ ಜಿಡಿ ಕಾನ್‌ಸ್ಟೆಬಲ್ ಪರೀಕ್ಷೆಗೆ ತಯಾರಾಗುತ್ತಿದ್ದೇನೆ. 1.6 ಕಿಲೋಮೀಟರ್ ಓಟವನ್ನು ಎಂಟೂವರೆ ನಿಮಿಷದಲ್ಲಿ ಮುಗಿಸಬೇಕು. ನನಗೀಗ 9 ನಿಮಿಷ 20 ಸೆಕೆಂಡು ಹಿಡಿಯುತ್ತದೆ. ಬೆಳಿಗ್ಗೆ ನೀರು ತರುವುದು, ರೊಟ್ಟಿ ಬಡಿಯುವುದು, ಆಮೇಲೆ ಬಸ್ಸು. ಸಂಜೆ ಮನೆ ಮುಟ್ಟುವಾಗ ಏಳೂವರೆ. ಹಾಗಾಗಿ ರಾತ್ರಿ ಎಂಟಕ್ಕೆ ಊರ ಹೊರಗಿನ ಡಾಂಬರು ರಸ್ತೆಯಲ್ಲಿ ಒಬ್ಬಳೇ ಓಡುತ್ತೇನೆ. ಮೂರು ವಾರದಿಂದ ಒಂದು ತೊಂದರೆ. ಓಡುವಾಗ ಏನೂ ಆಗುವುದಿಲ್ಲ. ಮನೆಗೆ ಬಂದು ಒಲೆ ಮುಂದೆ ಕೂತ ಮೇಲೆ ಒಣಕೆಮ್ಮು, ಎದೆ ಬಿಗಿತ, ಉಸಿರು ಬಿಡುವಾಗ ಸಣ್ಣ ಪೀಪಿಯಂಥ ಸದ್ದು. ಒಂದು ತಾಸಿನಲ್ಲಿ ಹೋಗುತ್ತದೆ. ಜ್ವರವಿಲ್ಲ. ಚಿಕ್ಕವಳಿದ್ದಾಗ ದಮ್ಮು ಇತ್ತಂತೆ. ಎದೆಗೆ ಥಂಡಿ ಹೊಕ್ಕಿದೆ, ನ್ಯುಮೋನಿಯಾ ಆಗುತ್ತದೆ ಎಂದು ಅವ್ವ ಹೆದರಿದ್ದಾಳೆ. ಥಂಡಿಯಲ್ಲಿ ಓಡಿದರೆ ಹೃದಯ ನಿಲ್ಲುತ್ತದೆ ಎಂದು ಭಾವ ಹೇಳುತ್ತಾರೆ. ಪಕ್ಕದೂರಲ್ಲಿ ಒಬ್ಬ ಹುಡುಗ ಓಡುತ್ತ ಕುಸಿದು ತೀರಿಕೊಂಡಿದ್ದೂ ನಿಜ. ಕಳೆದ ವಾರ ಕಬ್ಬಿನ ಟ್ರ್ಯಾಕ್ಟರ್ ಒಂದು ತೀರ ಸವರಿಕೊಂಡು ಹೋಯಿತು. ನಾಯಿ ಕಾಟವೂ ಇದೆ. 'ಒಬ್ಬಾಕೀನೇ ಅಲ್ಲಿ ಬಿದ್ರ ಯಾರ್ ನೋಡ್ತಾರ?' ಎಂದು ಅವ್ವ ದಿನಾ ಕೇಳುತ್ತಾಳೆ. ಶಿವರಾತ್ರಿಗೆ ಚಳಿ ಹೋಗುವ ತನಕ ಓಟ ನಿಲ್ಲಿಸಬೇಕೆ?

ಉತ್ತರ: ಓಟ ನಿಲ್ಲಿಸಬೇಡಿ. ಆದರೆ ಆ ರಸ್ತೆಗೆ ಇವತ್ತು ರಾತ್ರಿ ಹೋಗಬೇಡಿ. ಉಳಿದದ್ದನ್ನು ನಿಧಾನವಾಗಿ ಓದಿದರೂ ಆದೀತು, ಈ ಎರಡು ಮಾತು ಮಾತ್ರ ಮೊದಲೇ ಕಿವಿಗೆ ಬೀಳಲಿ.

ನಿಮ್ಮ ಮನೆಯಲ್ಲಿ ಎಲ್ಲರೂ ತಪ್ಪನ್ನು ಥಂಡಿಯ ಮೇಲೆ ಹೊರಿಸಿದ್ದಾರೆ. ಟ್ರ್ಯಾಕ್ಟರ್ ಸವರಿಕೊಂಡು ಹೋದದ್ದನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನಾನು ಕಲಬುರಗಿಯಲ್ಲಿ ಕ್ರೀಡಾ ವೈದ್ಯೆಯಾಗಿ ಎರಡು ದಶಕದಿಂದ ಓಟಗಾರರನ್ನು, ಪೊಲೀಸ್ ಮತ್ತು ಸೈನ್ಯದ ಭರ್ತಿಗೆ ಓಡುವ ಹುಡುಗ ಹುಡುಗಿಯರನ್ನು ನೋಡುತ್ತಿದ್ದೇನೆ. ನಮ್ಮ ಕಡೆಯ ಥಂಡಿಯಿಂದಲೇ ಹಾಸಿಗೆ ಹಿಡಿದ ಓಟಗಾರರನ್ನು ನಾನು ಕಂಡಿಲ್ಲ. ಕತ್ತಲಲ್ಲಿ ವಾಹನ ಬಡಿದು ತೊಡೆ, ಸೊಂಟ ಮುರಿದುಕೊಂಡು ಬಂದವರನ್ನು ಮಾತ್ರ ಕಬ್ಬಿನ ಹಂಗಾಮು ಶುರುವಾಯಿತೆಂದರೆ ಕಾಣುತ್ತೇನೆ. ನೀವು ಥಂಡಿಗೆ ಹೆದರಿದ್ದು ಹೆಚ್ಚಾಯಿತು, ರಸ್ತೆಗೆ ಹೆದರಿದ್ದು ಸಾಲದು.

ಮೊದಲು ಎದೆಯ ಸದ್ದು. ಓಡುವಾಗ ಇಲ್ಲದ ಕೆಮ್ಮು ಓಟ ಮುಗಿದ ಮೇಲೆ ಬರುತ್ತದೆ, ಒಂದು ತಾಸಿನಲ್ಲಿ ತಾನೇ ಇಳಿಯುತ್ತದೆ, ಉಸಿರು ಬಿಡುವಾಗ ಪೀಪಿ ಊದಿದಂತಾಗುತ್ತದೆ, ಚಿಕ್ಕಂದಿನಲ್ಲಿ ದಮ್ಮು ಇತ್ತು. ಇಷ್ಟನ್ನು ನೀವೇ ಬರೆದಿದ್ದೀರಿ, ರೋಗದ ಹೆಸರನ್ನಷ್ಟೇ ಬಿಟ್ಟಿದ್ದೀರಿ. ಇದು ಬಹುತೇಕ ವ್ಯಾಯಾಮದಿಂದ ಶ್ವಾಸನಾಳ ಬಿಗಿಯುವ ತೊಂದರೆ. ಓಟ ನಿಂತ ಐದು ಹತ್ತು ನಿಮಿಷಕ್ಕೆ ಜೋರಾಗಿ, ಅರ್ಧ ತಾಸಿನಿಂದ ಒಂದು ತಾಸಿನೊಳಗೆ ಬಿಡುವುದು ಇದರ ಗುರುತು. ಪತ್ರ ನೋಡಿ ಕಾಯಿಲೆಗೆ ಮುದ್ರೆ ಒತ್ತುವುದು ಸರಿಯಲ್ಲ, ಪರೀಕ್ಷೆ ಆಗಲೇಬೇಕು. ಆದರೆ ಗುಮಾನಿ ಬಲವಾಗಿದೆ.

ಆಗುವುದು ಇಷ್ಟು. ಸುಮ್ಮನೆ ಕೂತಾಗ ನಾವು ಮೂಗಿನಿಂದ ಉಸಿರಾಡುತ್ತೇವೆ. ಮೂಗು ಆ ಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಬೆರೆಸಿ ಒಳಗೆ ಬಿಡುತ್ತದೆ. ಜೋರಾಗಿ ಓಡುವಾಗ ನಿಮಿಷಕ್ಕೆ 60 ಲೀಟರಿಗೂ ಹೆಚ್ಚು ಗಾಳಿ ಬೇಕು. ಅಷ್ಟು ಮೂಗಿಗೆ ಆಗದು, ಬಾಯಿ ತೆರೆಯುತ್ತದೆ. ಡಿಸೆಂಬರಿನ ಒಣ ಗಾಳಿ ನೇರ ಗಂಟಲಿಗಿಳಿದು ಶ್ವಾಸನಾಳದ ಒಳಪದರದಿಂದ ತೇವವನ್ನು ಹೀರಿಕೊಳ್ಳುತ್ತದೆ. ಪದರ ಒಣಗಿದರೆ ಅಲ್ಲಿನ ಕೋಶಗಳು ಕೆರಳಿ ಕೆಲವು ರಾಸಾಯನಿಕಗಳನ್ನು ಬಿಡುತ್ತವೆ. ಅದರಿಂದ ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಸಂದಿನಲ್ಲಿ ಹಾಯುವ ಗಾಳಿ ಪೀಪಿಯಾಗುತ್ತದೆ. ಇಲ್ಲಿ ಚಳಿಗಿಂತ ಹೆಚ್ಚು ಕೆಲಸ ಮಾಡಿದ್ದು ಗಾಳಿಯ ಒಣಗುಣ. ಎದೆಯೊಳಗೆ ಥಂಡಿ ಹೋಗಿ ಕೂತಿಲ್ಲ. ಗಾಳಿ ಶ್ವಾಸಕೋಶದ ಆಳ ಮುಟ್ಟುವಷ್ಟರಲ್ಲಿ ಮೈಯಷ್ಟೇ ಬೆಚ್ಚಗಾಗಿರುತ್ತದೆ.

ಇನ್ನೊಂದು ನಿಮ್ಮ ಮನೆಯೊಳಗೇ ಇದೆ. ಓಡಿ ಬಂದು, ಉಸಿರು ಇನ್ನೂ ಏರಿರುವಾಗಲೇ, ಒಲೆ ಮುಂದೆ ಕೂರುತ್ತೀರಿ. ಆಗಲೇ ಕೆರಳಿದ ನಾಳಕ್ಕೆ ತೊಗರಿಕಟ್ಟಿಗೆಯ ಹೊಗೆ! ಮೈ ಬೆಚ್ಚಗೆ ಬೇಕಾದರೆ ಸ್ವೆಟರ್ ಹಾಕಿಕೊಂಡು ಪಡಸಾಲೆಯಲ್ಲಿ ಕೂರಿ, ಒಂದು ತಾಸು ಅಡುಗೆಮನೆ ಬೇಡ. ಹೊರಗಿನ ಹೊಗೆಯನ್ನೂ ಗಮನಿಸಿ. ಚಳಿಗಾಲದಲ್ಲಿ ಹೊತ್ತು ಮುಳುಗಿದ ಮೇಲೆ ನೆಲ ಬೇಗ ತಣಿಯುತ್ತದೆ, ನೆಲಕ್ಕಂಟಿದ ಗಾಳಿಯೂ ತಣಿದು ಭಾರವಾಗುತ್ತದೆ, ಮೇಲಿನ ಬೆಚ್ಚನೆಯ ಗಾಳಿ ಅದರ ಮೇಲೆ ಮುಚ್ಚಳದಂತೆ ಕೂರುತ್ತದೆ. ಎಂಟು ಗಂಟೆಗೆ ಊರ ಒಲೆಗಳ ಹೊಗೆ ಮೇಲೇರದೆ ಮಾಳಿಗೆಯ ಮಟ್ಟದಲ್ಲೇ ಚಾದರ ಹಾಸಿದಂತೆ ನಿಂತಿರುವುದನ್ನು ನೀವೂ ನೋಡಿರುತ್ತೀರಿ. ಹತ್ತಿರದಲ್ಲಿ ಕಬ್ಬಿನ ರವದಿ ಸುಟ್ಟ ದಿನವಂತೂ ಜೋರು ಓಟ ಬೇಡ, ಅವತ್ತು ಹೊಗೆ ನುಗ್ಗದ ಕೋಣೆಯಲ್ಲೇ ಹಗುರ ವ್ಯಾಯಾಮ ಮಾಡಿ ಮುಗಿಸಿ.

ಅವ್ವನ ನ್ಯುಮೋನಿಯಾ ಭಯಕ್ಕೆ ನೇರ ಉತ್ತರ: ನ್ಯುಮೋನಿಯಾ ಬರುವುದು ಬ್ಯಾಕ್ಟೀರಿಯಾ, ವೈರಸ್‌ಗಳಿಂದ. ಚಳಿಯಲ್ಲಿ ಓಡಿದ್ದರಿಂದ ಅಲ್ಲ. ಆದರೆ ಅವ್ವನ ಆತಂಕ ಪೂರ್ತಿ ಸುಳ್ಳೂ ಅಲ್ಲ. ನಮ್ಮ ದೇಶದಲ್ಲಿ ಎರಡು ವಾರ ದಾಟಿದ ಯಾವ ಕೆಮ್ಮನ್ನೂ ಕ್ಷಯದ ಪರೀಕ್ಷೆ ಮಾಡದೆ ಬಿಡಬಾರದು. ನಿಮ್ಮದು ಮೂರು ವಾರ. ಜ್ವರ, ತೂಕ ಇಳಿಕೆ, ರಾತ್ರಿ ಬೆವರು ಇಲ್ಲದಿದ್ದರೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಕೇಳಿ, ಕಫ ಪರೀಕ್ಷೆ ಅಲ್ಲಿ ಉಚಿತ. ಅದಿಲ್ಲ ಎಂದು ಖಚಿತವಾದ ಮೇಲೆ ಶ್ವಾಸಕೋಶ ತಜ್ಞರ ಹತ್ತಿರ ಊದುವ ಪರೀಕ್ಷೆ, ಅಂದರೆ ಸ್ಪೈರೋಮೆಟ್ರಿ ಮಾಡಿಸಿ. ಓಡುವ ಮುಂಚೆ ಒಮ್ಮೆ, ಓಡಿ ಬಂದ ಮೇಲೆ ಕೆಲವು ಸಲ ಊದಿಸುತ್ತಾರೆ. ಮೊದಲ ಸೆಕೆಂಡಿನಲ್ಲಿ ಹೊರಹಾಕುವ ಗಾಳಿ ಶೇ 10ಕ್ಕಿಂತ ಹೆಚ್ಚು ಇಳಿದರೆ ನನ್ನ ಗುಮಾನಿ ನಿಜವಾಯಿತು.

ಆಗ ಅವರು ಇನ್‌ಹೇಲರ್ ಬರೆದುಕೊಡಬಹುದು. 'ಪಂಪು ಹಿಡಿದರೆ ಜೀವಮಾನ ಬಿಡಿಸಲಾಗದು' ಎಂಬ ಮಾತು ನಿಮ್ಮೂರಿನಲ್ಲೂ ಇರಬೇಕು. ಅದಕ್ಕೆ ಲೆಕ್ಕವನ್ನೇ ಹೇಳುತ್ತೇನೆ. ಬಿಗಿದ ಶ್ವಾಸನಾಳವನ್ನು ಸಡಿಲಿಸುವ ಸಾಲ್ಬುಟಮಾಲ್ ಎಂಬ ಔಷಧವನ್ನು ಪಂಪಿನಿಂದ ಎರಡು ಸಲ ಸೇದಿದರೆ 200 ಮೈಕ್ರೋಗ್ರಾಂ. ಅದೇ ಔಷಧದ 4 ಮಿಲಿಗ್ರಾಂ ಮಾತ್ರೆ ನುಂಗಿದರೆ ಅದರ 20 ಪಟ್ಟು ಮೈಗೆ ಹೋಗುತ್ತದೆ. ಜನ ಹೆದರುವ ಪಂಪಿನಲ್ಲೇ ಔಷಧ ಕಡಿಮೆ, ಅದೂ ಬೇಕಾದ ಜಾಗಕ್ಕೇ ಹೋಗುತ್ತದೆ. ಓಟಕ್ಕೆ ಹತ್ತು ಹದಿನೈದು ನಿಮಿಷ ಮುಂಚೆ ಸೇದುವುದು ವಾಡಿಕೆ. ಆದರೆ ದಿನಾ ಅದೊಂದನ್ನೇ ನಂಬಿ ಓಡಿದರೆ ಅದರ ಕಸುವು ಕುಂದುತ್ತದೆ, ಒಳಗಿನ ಉರಿಯೂತವೂ ಹಾಗೇ ಉಳಿಯುತ್ತದೆ. ಉರಿಯೂತ ತಗ್ಗಿಸುವ ಇನ್ನೊಂದು ಇನ್‌ಹೇಲರ್ ಜೊತೆಗೆ ಬೇಕೇ ಎಂದು ವೈದ್ಯರು ನಿರ್ಧರಿಸಲಿ. ಔಷಧದ ಅಂಗಡಿಯಲ್ಲಿ ನೀವೇ ಕೇಳಿ ಕೊಳ್ಳಬೇಡಿ.

ಇಲ್ಲೊಂದು ಕಹಿ ವಿಷಯವಿದೆ, ಮುಚ್ಚಿಟ್ಟರೆ ನಿಮಗೆ ಮೋಸ ಮಾಡಿದಂತೆ. ಕೇಂದ್ರ ಪಡೆಗಳ ವೈದ್ಯಕೀಯ ತಪಾಸಣೆಯಲ್ಲಿ ದಮ್ಮು ಇದ್ದವರನ್ನು ಕೈಬಿಡುವ ಸಾಧ್ಯತೆ ಇದೆ. ಆ ಹೆದರಿಕೆಯಿಂದ ಪರೀಕ್ಷೆಯನ್ನೇ ಮಾಡಿಸಿಕೊಳ್ಳದ ಎಷ್ಟೋ ಮಕ್ಕಳು ನನ್ನ ಮುಂದೆ ಬಂದು ಕೂತಿದ್ದಾರೆ, ಕೆಲವರು ತೀರ ಉಬ್ಬಸ ಬಂದಾಗ ರಾತ್ರೋರಾತ್ರಿ. ನಿಜ ಏನೆಂದು ಈಗಲೇ ಗೊತ್ತಾದರೆ ಎರಡು ವರ್ಷದ ದುಡಿಮೆಯನ್ನು ಎಲ್ಲಿ ಹಾಕಬೇಕೆಂದು ನೀವೇ ತೀರ್ಮಾನಿಸಬಹುದು. ಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಬರಲೂಬಹುದು. ಒಣಗಾಳಿ ಮತ್ತು ಹೊಗೆಯಿಂದ ಗಂಟಲು ಕೆರಳಿ ಕೆಮ್ಮುವವರು ಬೇಕಾದಷ್ಟಿದ್ದಾರೆ.

ಔಷಧವಿಲ್ಲದೆ ಇವತ್ತಿನಿಂದಲೇ ಮಾಡಬಹುದಾದದ್ದು ಎರಡು. ಮೂಗು ಬಾಯಿ ಮುಚ್ಚುವಂತೆ ತೆಳು ಹತ್ತಿ ಬಟ್ಟೆ ಕಟ್ಟಿಕೊಳ್ಳಿ, ಹಳೆ ಓಢಣಿಯ ತುಂಡಾದರೂ ಸಾಕು. ನೀವು ಬಿಟ್ಟ ಉಸಿರಿನ ಬಿಸಿ, ತೇವ ಆ ಬಟ್ಟೆಯಲ್ಲಿ ನಿಂತು ಮುಂದಿನ ಉಸಿರಿಗೆ ಸಿಗುತ್ತದೆ. ಎರಡನೆಯದು ಮೈ ಕಾಯಿಸುವುದು. ನೇರ ಬಾಗಿಲು ದಾಟಿ ಜೋರಾಗಿ ಓಡಬೇಡಿ. ಮನೆಯೊಳಗೇ ಹದಿನೈದು ನಿಮಿಷ ಬಸ್ಕಿ, ನಿಂತಲ್ಲೇ ಜಾಗಿಂಗ್, ನಡುನಡುವೆ ಅರ್ಧ ನಿಮಿಷದ ಜೋರು ಕುಣಿತ, ಹಣೆಯಲ್ಲಿ ತೇವ ಕಾಣುವ ತನಕ. ಹೀಗೆ ಕಾಯಿಸಿದರೆ ಹಲವರಲ್ಲಿ ಶ್ವಾಸನಾಳ ಮುಂದಿನ ಒಂದೆರಡು ತಾಸು ಸುಲಭಕ್ಕೆ ಬಿಗಿಯುವುದಿಲ್ಲ. ಕ್ರೀಡಾಪಟುಗಳು ಇದನ್ನೇ ನೆಚ್ಚಿಕೊಂಡು ಸ್ಪರ್ಧೆಗಿಳಿಯುತ್ತಾರೆ. ಸ್ನಾಯುಗಳಿಗೂ ಇದು ಬೇಕು, ತಣ್ಣಗಿನ ಸ್ನಾಯು ನಿಧಾನಕ್ಕೆ ಕುಗ್ಗುತ್ತದೆ, ಬೇಗ ಹಿಡಿದುಕೊಳ್ಳುತ್ತದೆ. ಓಟ ಮುಗಿದ ಮೇಲೂ ಗಕ್ಕನೆ ನಿಲ್ಲದೆ ಹತ್ತು ನಿಮಿಷ ನಡೆಯಿರಿ.

ನಿಮ್ಮ ಪತ್ರದಲ್ಲಿಲ್ಲದ ಒಂದು ಪರೀಕ್ಷೆಯನ್ನೂ ನಾನು ಕೇಳುತ್ತೇನೆ: ಹಿಮೋಗ್ಲೋಬಿನ್. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಕಂಡಿತ್ತು. 12 ಗ್ರಾಂಗಿಂತ ಕಡಿಮೆ ಇದ್ದರೆ ಸ್ನಾಯುವಿಗೆ ಆಮ್ಲಜನಕ ಸಾಲದು, ಎಷ್ಟು ಅಭ್ಯಾಸ ಮಾಡಿದರೂ ಗಡಿಯಾರ ಕದಲುವುದಿಲ್ಲ. ಕಬ್ಬಿಣಾಂಶ ಕಡಿಮೆ ಇದ್ದವರಿಗೆ ಥಂಡಿಯೂ ಹೆಚ್ಚು ನಾಟುತ್ತದೆ, ಮೈ ಬಿಸಿ ಕಾಪಾಡಿಕೊಳ್ಳುವುದೇ ಕಷ್ಟ. ತಿಂಗಳ ಮುಟ್ಟಿನಲ್ಲಿ ಸ್ರಾವ ಜಾಸ್ತಿ ಇದ್ದರೆ ವೈದ್ಯರಿಗೆ ನಾಚದೆ ಹೇಳಿ. ಕಬ್ಬಿಣದ ಮಾತ್ರೆ ಕೊಟ್ಟರೆ ಚಹಾದ ಜೊತೆ ನುಂಗಬೇಡಿ, ಚಹಾ ಅದನ್ನು ಮೈಗೆ ಹತ್ತಗೊಡುವುದಿಲ್ಲ. ಅದರ ಜೊತೆ ನಿಂಬೆಹಣ್ಣಿನ ಪಾನಕ ಒಳ್ಳೆಯದು. ನನ್ನ ಅನುಭವದಲ್ಲಿ, ಅಭ್ಯಾಸದಿಂದ ಇಳಿಯದೆ ನಿಂತ ಹತ್ತು ಹದಿನೈದು ಸೆಕೆಂಡುಗಳು ಎಷ್ಟೋ ಹುಡುಗಿಯರಲ್ಲಿ ರಕ್ತ ಸರಿಹೋದ ಮೇಲೆ ಇಳಿದಿವೆ.

ಭಾವನವರ ಹೃದಯದ ಮಾತು. ಚಳಿಯಲ್ಲಿ ಚರ್ಮದ ರಕ್ತನಾಳಗಳು ಬಿಗಿದು ರಕ್ತದೊತ್ತಡ ಏರುವುದು ನಿಜ. ನಲವತ್ತು ದಾಟಿದ, ಬಿಪಿ ಸಕ್ಕರೆ ಇರುವ, ಬೀಡಿ ಸೇದುವ ಗಂಡಸು ನಸುಕಿನ ಥಂಡಿಯಲ್ಲಿ ಏಕಾಏಕಿ ಓಡಲು ಹೊರಟರೆ ನಾನೂ ತಡೆಯುತ್ತೇನೆ. ಅವರು ಕೇಳಿದ ಕಥೆಗಳು ಅಂಥವರದಿರಬೇಕು. ನಿಮ್ಮ ವಯಸ್ಸಿನವರು ಓಡುತ್ತ ಕುಸಿದರೆ ಸಾಮಾನ್ಯವಾಗಿ ಹಿಂದೆ ಎರಡು ಕಾರಣ ಸಿಗುತ್ತವೆ. ಒಂದು, ಹುಟ್ಟಿನಿಂದ ಬಂದ, ಯಾರಿಗೂ ಗೊತ್ತಿರದ ಹೃದಯದ ದೋಷ: ಹೃದಯದ ಗೋಡೆ ದಪ್ಪವಾಗಿರುವುದು, ರಕ್ತನಾಳ ತಪ್ಪು ಜಾಗದಿಂದ ಹೊರಟಿರುವುದು, ಮಿಡಿತದ ವಿದ್ಯುತ್ತಿನಲ್ಲಿ ತೊಡಕು. ಇನ್ನೊಂದು ಬಿಸಿಲಾಘಾತ. 2024ರ ಆಗಸ್ಟ್‌ನಲ್ಲಿ ಜಾರ್ಖಂಡಿನ ಅಬಕಾರಿ ಕಾನ್‌ಸ್ಟೆಬಲ್ ಭರ್ತಿಯ 10 ಕಿಲೋಮೀಟರ್ ಓಟದಲ್ಲಿ ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಪ್ರಾಣ ಕಳೆದುಕೊಂಡರು. ಅದು ಚಳಿಗಾಲವಾಗಿರಲಿಲ್ಲ.

ಪಕ್ಕದೂರ ಹುಡುಗನಿಗೆ ಏನಾಗಿತ್ತೆಂದು ಹೇಳಲು ನನ್ನಲ್ಲಿ ಆಧಾರವಿಲ್ಲ. ನಿಮ್ಮ ಬಗ್ಗೆ ಮೂರು ಪ್ರಶ್ನೆ ಕೇಳಬಲ್ಲೆ. ಓಡುತ್ತಿರುವಾಗಲೇ ಎಂದಾದರೂ ಕಣ್ಣು ಕತ್ತಲೆ ಬಂದು ಬಿದ್ದಿದ್ದೀರಾ? ಓಡುವಾಗ ಎದೆಯ ನಡುವೆ ಹಿಂಡಿದಂಥ ನೋವು, ಇಲ್ಲವೇ ಎದೆ ಅಡ್ಡಾದಿಡ್ಡಿ ಬಡಿದುಕೊಳ್ಳುವುದು ಇದೆಯಾ? ಮನೆತನದಲ್ಲಿ ಐವತ್ತರೊಳಗೆ ಯಾರಾದರೂ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರಾ? ಒಂದಕ್ಕೆ ಹೌದು ಎಂದರೂ ಇಸಿಜಿ ಮತ್ತು ಎಕೋ ಆಗುವ ತನಕ ಓಟ ಬಂದ್. ಮೂರಕ್ಕೂ ಇಲ್ಲವಾದರೆ ಥಂಡಿಯಲ್ಲಿ ನಿಮ್ಮ ಹೃದಯ ನಿಲ್ಲುತ್ತದೆ ಎಂದು ನಾನು ಹೆದರುವುದಿಲ್ಲ. ಟೆಸ್ಟ್ ಹತ್ತಿರ ಬಂದಾಗ ಸ್ಟ್ಯಾಮಿನಾ ಮಾತ್ರೆ, ಇಂಜೆಕ್ಷನ್ ಎಂದು ಯಾರಾದರೂ ಕೈಗೆ ಕೊಟ್ಟರೆ ಮುಟ್ಟಬೇಡಿ. ಅದಕ್ಕೆ ನಾನು ನಿಜಕ್ಕೂ ಹೆದರುತ್ತೇನೆ.

ಇನ್ನು ಚಳಿಯ ಮಟ್ಟ. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ ಸುಮಾರಿಗೆ ಬೀದರ್ ಕಡೆ ರಾತ್ರಿ ಹತ್ತು ಡಿಗ್ರಿ ಸುತ್ತಮುತ್ತ ಇಳಿಯುತ್ತದೆ. ಓಡುವ ಮೈ ಒಲೆಯಿದ್ದಂತೆ, ಅದಕ್ಕೆ ಇದು ದೊಡ್ಡ ಚಳಿಯೇ ಅಲ್ಲ. ಮೊದಲ ಐದು ನಿಮಿಷ ಸ್ವಲ್ಪ ಚಳಿ ಎನಿಸಿದರೆ ಬಟ್ಟೆ ಸರಿಯಾಗಿದೆ ಎಂದರ್ಥ. ದಪ್ಪ ಸ್ವೆಟರ್‌ನಲ್ಲಿ ಓಡಿದರೆ ಒಳಗೆ ತೊಯ್ದು, ನಿಂತ ಕೂಡಲೇ ನಡುಕ ಹುಟ್ಟುತ್ತದೆ. ಬಂದ ತಕ್ಷಣ ಒದ್ದೆ ಬಟ್ಟೆ ಬದಲಿಸಿ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಆದರೂ ನೀರು ಕುಡಿಯಿರಿ. ಚಳಿಯ ವಿಷಯ ಇಷ್ಟೇ.

ಈಗ ರಸ್ತೆ. ಇದನ್ನು ಅವಸರದಲ್ಲಿ ಓದಬೇಡಿ.

ಡಿಸೆಂಬರ್, ಜನವರಿಯಲ್ಲಿ ನಿಮ್ಮ ಕಡೆ ಆರು ಗಂಟೆ ಸುಮಾರಿಗೆ ಹೊತ್ತು ಮುಳುಗುತ್ತದೆ. ಎಂಟಕ್ಕೆ, ಕೃಷ್ಣಪಕ್ಷದ ಹೆಚ್ಚಿನ ದಿನ, ಚಂದ್ರನೂ ಇಲ್ಲ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಎದುರಿನ ಒಂದು ಬೈಕಿನ ಹೈಬೀಮ್ ಆ ಹೊಂದಾಣಿಕೆಯನ್ನು ಕ್ಷಣದಲ್ಲಿ ಅಳಿಸುತ್ತದೆ, ಮುಂದಿನ ಹತ್ತು ಹೆಜ್ಜೆ ನೀವು ಕುರುಡಾಗಿಯೇ ಇಡುತ್ತೀರಿ. ಆ ಹೆಜ್ಜೆಗಳಲ್ಲಿ ಏನಿರುತ್ತದೆ? ಈ ತಿಂಗಳುಗಳಲ್ಲಿ ತೊಗರಿ ರಾಶಿಗೆ ರಸ್ತೆಯೇ ಕಣ. ರಾಶಿಯ ಮೇಲೆ ಗಾಡಿ ಹಾಯಬಾರದೆಂದು ಸುತ್ತ ತಲೆಗಾತ್ರದ ಕಲ್ಲು ಇಟ್ಟಿರುತ್ತಾರೆ. ರಾಶಿ ಎತ್ತಿದ ಮೇಲೆ ಕಲ್ಲು ಎತ್ತುವುದಿಲ್ಲ. ಪಾದದ ಮೂಳೆ ಮುರಿದು ಬಂದ ಇಬ್ಬರು ಹುಡುಗರ ಎಕ್ಸ್‌ರೇ ಒಂದೇ ವಾರದಲ್ಲಿ ನೋಡಿದ್ದೇನೆ, ಇಬ್ಬರದೂ ರಾಶಿಯ ಕಲ್ಲೇ.

ಚಾಲಕನ ಕಡೆಯಿಂದ ಲೆಕ್ಕ ಹಾಕೋಣ. ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಏನೋ ಕಂಡಿತು ಎಂದು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಹಿಡಿದರೆ ಅಷ್ಟರಲ್ಲೇ 25 ಮೀಟರ್ ಮುಗಿಯಿತು. ಬ್ರೇಕ್ ಹಿಡಿದು ಗಾಡಿ ನಿಲ್ಲಲು ಒಳ್ಳೆಯ ರಸ್ತೆಯಲ್ಲೂ ಇನ್ನೂ 20 ಮೀಟರ್. ಅಂದರೆ 45 ಮೀಟರ್ ದೂರದಿಂದಲೇ ನೀವು ಕಾಣಬೇಕು, ಹೆಚ್ಚುಕಡಿಮೆ ಒಂದು ವಿದ್ಯುತ್ ಕಂಬದಿಂದ ಇನ್ನೊಂದು ಕಂಬದಷ್ಟು. ಕಬ್ಬು ಹೇರಿದ ಟ್ರ್ಯಾಕ್ಟರ್ ವೇಗದಲ್ಲಿ ಕಡಿಮೆ, ಆದರೆ ಅದರ ಅಪಾಯ ಬೇರೆ. ಎರಡು ಟ್ರೇಲರ್, ಹಿಂದೆ ದೀಪವಿಲ್ಲ, ಕಬ್ಬಿನ ತುದಿ ಎರಡೂ ಕಡೆ ಮೊಳದುದ್ದ ಚಾಚಿಕೊಂಡಿರುತ್ತದೆ. ಚಾಲಕ ನಿಮ್ಮನ್ನು ತಪ್ಪಿಸಿದೆ ಎಂದುಕೊಂಡಾಗ ಅವನು ತಪ್ಪಿಸಿರುವುದು ಇಂಜಿನ್ನನ್ನು ಮಾತ್ರ. ನಿಮ್ಮನ್ನು ಸವರಿದ್ದು ಆ ತುದಿಯೇ ಇರಬೇಕು.

ನನ್ನ ಬಳಿ ಬರುವ, ಭರ್ತಿಗೆ ಓಡುವ ಹುಡುಗಿಯರಿಗೆ ಇದನ್ನು ಬಾಯಲ್ಲಿ ಹೇಳಿದರೆ ತಲೆಗೆ ಇಳಿಯುತ್ತಿರಲಿಲ್ಲ. ಒಂದು ರಾತ್ರಿ ಆರು ಮಂದಿಯನ್ನು ಜೀಪಿನಲ್ಲಿ ಕೂರಿಸಿ, ಡಿಮ್ ದೀಪ ಹಾಕಿಸಿ, ಅವರ ಗೆಳತಿಯನ್ನೇ ಕಪ್ಪು ಟ್ರ್ಯಾಕ್‌ಸೂಟಿನಲ್ಲಿ ದೂರದಿಂದ ನಮ್ಮ ಕಡೆ ಓಡಿಬರಲು ಹೇಳಿದೆ. 'ಕಂಡಕೂಡಲೇ ಕೂಗಿ' ಎಂದೆ. ಅವಳ ಹೆಜ್ಜೆ ಸಪ್ಪಳ ಕೇಳುತ್ತಿತ್ತು, ಅವಳು ಕಾಣುತ್ತಿರಲಿಲ್ಲ. ಅವರು ಕೂಗುವಷ್ಟರಲ್ಲಿ ಅವಳು ಮುಂದಿನ ಕಂಬವನ್ನು ಎಷ್ಟೋ ದಾಟಿ ಬಂದಿದ್ದಳು. ಎರಡನೇ ಸಲ ಫ್ಲೋರೊಸೆಂಟ್ ಹಳದಿ ಅಂಗಿ ತೊಡಿಸಿದೆ. ಹೆಚ್ಚೇನೂ ಬದಲಾಗಲಿಲ್ಲ. ಆ ಬಣ್ಣ ಹೊಳೆಯಲು ಸೂರ್ಯನ ನೇರಳಾತೀತ ಕಿರಣ ಬೇಕು, ರಾತ್ರಿ ಅದು ಬರಿಯ ತಿಳಿ ಬಣ್ಣ. ಮೂರನೇ ಸಲ ಅದೇ ಕಪ್ಪು ಪ್ಯಾಂಟಿನ ಎರಡೂ ಕಣಕಾಲಿಗೆ, ಎರಡೂ ಮುಂಗೈಗೆ ರೇಡಿಯಂ ಅಂಗಡಿಯಿಂದ ತಂದ ಬಿಳಿ ಪಟ್ಟಿ ಸುತ್ತಿದೆ. ಮೂರು ಕಂಬದಾಚೆ ನಾಲ್ಕು ಚುಕ್ಕಿ ಮೇಲೆ ಕೆಳಗೆ ಆಡಿದವು, ಜೀಪಿನಲ್ಲಿದ್ದವರೆಲ್ಲ ಒಟ್ಟಿಗೆ ಅವಳ ಹೆಸರು ಕೂಗಿದರು. ಎದೆಯ ಮೇಲೊಂದು ಪಟ್ಟಿ ಇದ್ದರೆ ಮೈಲಿಗಲ್ಲೋ, ನಿಂತ ಗಾಡಿಯೋ ಎಂದು ಚಾಲಕ ತಿಳಿಯಬಹುದು. ಕೈಕಾಲಿನ ಕೀಲುಗಳ ಬಳಿ ಆಡುವ ಬೆಳಕನ್ನು ಕಣ್ಣು ಕ್ಷಣದಲ್ಲಿ 'ಮನುಷ್ಯ' ಎಂದು ಗುರುತಿಸುತ್ತದೆ. ಬೈಕಿಗೆ ಸ್ಟಿಕ್ಕರ್ ಹಾಕುವ ಅಂಗಡಿಯಲ್ಲಿ ಕಡಿಮೆ ಹಣಕ್ಕೆ ಸಿಗುತ್ತದೆ. ಆದರೆ ಕೇಳಿ ಕೊಳ್ಳಿ: ಬೆಳಕನ್ನು ಬಂದ ದಾರಿಗೇ ತಿರುಗಿಸುವ ಪಟ್ಟಿ ಬೇಕು, ಬರೀ ಮಿನುಗುವ ಕಾಗದ ಬೇಡ. ಕತ್ತಲ ಕೋಣೆಯಲ್ಲಿ ಟಾರ್ಚನ್ನು ಕಣ್ಣಿನ ಪಕ್ಕ ಹಿಡಿದು ಪಟ್ಟಿಯತ್ತ ಬಿಟ್ಟರೆ ಗೊತ್ತಾಗುತ್ತದೆ.

ದೀಪ ಕಟ್ಟಿಕೊಳ್ಳುವುದಾದರೆ ಹಣೆಗಿಂತ ಸೊಂಟಕ್ಕೆ ಕಟ್ಟಿ. ಕೆಳಗಿನಿಂದ ಬಿದ್ದ ಬೆಳಕಿಗೆ ಕಲ್ಲು, ಗುಂಡಿಗಳ ನೆರಳು ಉದ್ದ ಬೀಳುತ್ತದೆ, ಎತ್ತರದಿಂದ ಬಿದ್ದರೆ ನೆಲವೆಲ್ಲ ಚಪ್ಪಟೆ ಕಾಣುತ್ತದೆ. ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ಬಲಗಡೆ ಓಡಿ, ಎದುರು ಬರುವ ಗಾಡಿ ನಿಮ್ಮ ಕಣ್ಣಿಗೆ ಬೀಳಲಿ. ಎರಡು ಗಾಡಿ ಎದುರುಬದುರಾಗುವಾಗ ಮಣ್ಣಿಗಿಳಿದು ನಿಂತುಬಿಡಿ, ಸಮಯ ಹೋದರೆ ಹೋಗಲಿ. ಕಿವಿಗೆ ಇಯರ್‌ಫೋನ್ ಬೇಡವೇ ಬೇಡ. ಕತ್ತಲಲ್ಲಿ ಹಿಂದಿನ ಸುದ್ದಿ ತರುವುದು ಕಿವಿ ಮಾತ್ರ.

ನಾಯಿ ಅಟ್ಟಿಸಿದರೆ ಓಡಬೇಡಿ, ನಿಲ್ಲಿ, ಕಣ್ಣಲ್ಲಿ ಕಣ್ಣಿಟ್ಟು ನೋಡದೆ ನಿಧಾನ ಹಿಂದೆ ಸರಿಯಿರಿ. ಮರಿ ಹಾಕಿದ ತಾಯಿ ಇರುವ ಮೂಲೆಯನ್ನು ಹಗಲಲ್ಲೇ ಗುರುತಿಟ್ಟುಕೊಳ್ಳಿ. ಕಚ್ಚಿದರೆ ಅರಿಶಿನ, ಖಾರದಪುಡಿ, ಸುಣ್ಣ ಏನೂ ಹಚ್ಚದೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಚರ್ಮಕ್ಕೆ ಕೊಡುವ ಲಸಿಕೆ ಮೊದಲ ದಿನ, ನಂತರ 3, 7 ಮತ್ತು 28ನೇ ದಿನ. ರಕ್ತ ಬಂದಿದ್ದರೆ ಗಾಯಕ್ಕೇ ಹಾಕುವ ಸೀರಂ ಕೂಡ ಬೇಕು, ಕೇಳಿ ಹಾಕಿಸಿಕೊಳ್ಳಿ. ಒಂದು ಡೋಸೂ ತಪ್ಪಿಸಬೇಡಿ. ಹಾವು ಚಳಿಯಲ್ಲಿ ಕಡಿಮೆ ಎಂದು ಬರಿಗಾಲಲ್ಲಿ ಓಡಬೇಡಿ, ಹಗಲ ಬಿಸಿ ಹಿಡಿದಿಟ್ಟ ಡಾಂಬರಿನ ಮೇಲೆ ರಾತ್ರಿ ಮಲಗುವ ಹಾವುಗಳಿವೆ.

ಹಾಗಾದರೆ ಎಲ್ಲಿ, ಯಾವಾಗ ಓಡುವುದು? ನಸುಕಿನ ಐದು ಗಂಟೆ ಎಂದು ಹಲವರು ಸೂಚಿಸುತ್ತಾರೆ. ನಾನು ಒಪ್ಪುವುದಿಲ್ಲ. ಕತ್ತಲು ಅಷ್ಟೇ, ಥಂಡಿ ಇನ್ನೂ ಹೆಚ್ಚು, ಮಂಜು ಬೇರೆ. ರಾತ್ರಿಯಿಡೀ ನಿದ್ದೆಗೆಟ್ಟ ಕಬ್ಬಿನ ಗಾಡಿ ಚಾಲಕರೂ ಅದೇ ಹೊತ್ತಿಗೆ ರಸ್ತೆಯಲ್ಲಿರುತ್ತಾರೆ. ನಿಮ್ಮ ನಿದ್ದೆಯೂ ಹೋಗುತ್ತದೆ. ಅದೇ ರಸ್ತೆಯಲ್ಲಿ ಪಟ್ಟಿ ಕಟ್ಟಿಕೊಂಡು, ಫೋನಿನಲ್ಲಿ ಮನೆಯವರಿಗೆ ಲೈವ್ ಲೊಕೇಶನ್ ಕಳಿಸಿ, 112 ಒತ್ತುವುದನ್ನು ಅಭ್ಯಾಸ ಮಾಡಿಕೊಂಡು ಓಡಬಹುದು. ಅಪಾಯ ಇಳಿಯುತ್ತದೆ, ಹೋಗುವುದಿಲ್ಲ. ಲೊಕೇಶನ್ ನೀವು ಎಲ್ಲಿದ್ದೀರಿ ಎಂದು ಹೇಳುತ್ತದೆ, ಏನಾಯಿತು ಎಂದು ಹೇಳುವುದಿಲ್ಲ, ನೆಟ್‌ವರ್ಕ್ ಹೋದರೆ ಅದೂ ಇಲ್ಲ. ಒಬ್ಬಳೇ ಹುಡುಗಿ, ದಿನಾ ಅದೇ ಹೊತ್ತು, ಅದೇ ರಸ್ತೆ ಎಂಬುದನ್ನು ನೋಡಿಟ್ಟುಕೊಳ್ಳುವವರೂ ಇರುತ್ತಾರೆ. ತಪ್ಪು ನಿಮ್ಮದಲ್ಲ, ಆದರೂ ಕಣ್ಣುಮುಚ್ಚಿ ನಿಮ್ಮನ್ನು ಅಲ್ಲಿಗೆ ಕಳಿಸಲಾರೆ. ಪೂರ್ತಿ ನಿಲ್ಲಿಸಿದರೆ ಎರಡು ಮೂರು ವಾರದಲ್ಲೇ ಓಟದ ಕಸುವು ಇಳಿಯತೊಡಗುತ್ತದೆ, ಶಿವರಾತ್ರಿಗೆ ನೀವು ಮತ್ತೆ ಮೊದಲಿನಿಂದ ಶುರು ಮಾಡಬೇಕು.

ನನ್ನ ಆಯ್ಕೆ ಊರ ಶಾಲೆಯ ಮೈದಾನ. ನಿಮ್ಮ ಗುರಿ ದೂರದ ಓಟವಲ್ಲ, 1600 ಮೀಟರ್. ಅದಕ್ಕೆ ಊರ ಹೊರಗಿನ ರಸ್ತೆ ಬೇಕಾಗಿಯೇ ಇಲ್ಲ. ಮುಖ್ಯಗುರುಗಳನ್ನು, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರನ್ನು ಕಂಡು ಯಾಕೆಂದು ಹೇಳಿ, ಗೇಟಿನ ಕೀಲಿ ಕೇಳಿ. ಊರ ಹುಡುಗಿ ಕೇಂದ್ರ ಪಡೆಗೆ ತಯಾರಾಗುತ್ತಿದ್ದಾಳೆ ಎಂದರೆ ಇಲ್ಲ ಎನ್ನುವವರು ಕಡಿಮೆ. ಕಂಬಕ್ಕೊಂದು ಬಲ್ಬಿಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಅರ್ಜಿ ಬರೆಯಿರಿ, ಬೀದಿದೀಪ ಪಂಚಾಯಿತಿಯ ಕೆಲಸ. ಭಾನುವಾರ ಹಗಲಲ್ಲಿ ಹಗ್ಗ ಹಿಡಿದು 200 ಮೀಟರ್ ಸುತ್ತು ಅಳೆದು, ಗುಂಡಿ ಮುಚ್ಚಿ, ಮೂಲೆಗಳಿಗೆ ಸುಣ್ಣ ಬಳಿದ ಇಟ್ಟಿಗೆ ಇಡಿ. ವಾರದಲ್ಲಿ ಎರಡು ರಾತ್ರಿ ಎರಡೆರಡು ಸುತ್ತಿನ ಐದು ಜೋರು ಓಟ, ಪ್ರತಿಯೊಂದೂ 2 ನಿಮಿಷ 7 ಸೆಕೆಂಡಿನೊಳಗೆ, ನಡುವೆ ಎರಡು ನಿಮಿಷ ನಡಿಗೆ. ಇನ್ನೆರಡು ರಾತ್ರಿ ಮಾತಾಡುತ್ತ ಓಡುವಷ್ಟು ನಿಧಾನ. ಭಾನುವಾರ ಬಿಸಿಲು ಏರಿದ ಮೇಲೆ, ಹೊಗೆ ಮಂಜು ಕರಗಿದ ಹೊತ್ತಿನಲ್ಲಿ, ನಾಲ್ಕೈದು ಕಿಲೋಮೀಟರ್ ಉದ್ದ ಓಟ. ಉಳಿದ ದಿನ ವಿಶ್ರಾಂತಿ. ಮೊದಲ ವಾರ ಜೋರು ಓಟ ಬೇಡ, ಊದುವ ಪರೀಕ್ಷೆ ಆಗಲಿ. ಓಡುವಾಗಲೇ ಉಸಿರು ಕಟ್ಟಿದರೆ, ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಗಟ್ಟಿದರೆ ಕಾಯಬೇಡಿ, 108 ಕರೆಯಿರಿ.

ಉಳಿದದ್ದು 'ಬಿದ್ರ ಯಾರ್ ನೋಡ್ತಾರ?' ಎಂಬ ಅವ್ವನ ಪ್ರಶ್ನೆ. ನಿಮ್ಮ ಪತ್ರದ ಪ್ರಶ್ನೆಗಳಲ್ಲಿ ಬರಿಯ ವೈದ್ಯಕೀಯದಿಂದ ನಾನು ಉತ್ತರಿಸಲಾಗದ್ದು ಇದೊಂದೇ. ಅವ್ವನಿಗೆ ಒಂದು ಚಾದರ ಹೊದಿಸಿ, ಕೈಗೆ ಫೋನು ಕೊಟ್ಟು, ಸ್ಟಾಪ್‌ವಾಚ್ ಒತ್ತುವುದನ್ನು ಕಲಿಸಿ ಶಾಲೆಯ ಗೇಟಿನ ಕಟ್ಟೆಯ ಮೇಲೆ ಕೂರಿಸಿ. 1600 ಮೀಟರ್ ಎಂದರೆ ಆ ಮೈದಾನದಲ್ಲಿ ಎಂಟು ಸುತ್ತು. ಎಂಟೂವರೆ ನಿಮಿಷದ ಓಟದಲ್ಲಿ ಪ್ರತಿ 1 ನಿಮಿಷ 4 ಸೆಕೆಂಡಿಗೆ ಒಮ್ಮೆ ನೀವು ಅವಳ ಮುಂದೆಯೇ ಹಾಯುತ್ತೀರಿ.